ಮೂರು ಹಡಗಿನ ಅರ್ಜಿ

ಹೇಳಿದರೆ ನೀವು ನಂಬಲಿಕ್ಕಿಲ್ಲ, ಮೀನಿನಕ್ಕನ ಕುತ್ತಿಗೆ ನಮ್ಮ ಜಗಲಿಯ ಕಂಬದಷ್ಟು ದಪ್ಪ ಇತ್ತು. ಮಂಗಳೂರಿನ ಬಂದರಿನಿಂದ ಬಸ್ಸಿನಲ್ಲಿ ಬಂದು, ಫರಂಗಿಪೇಟೆಯಲ್ಲಿ ಇಳಿದು ಮೀನಿನ ಬುಟ್ಟಿ ತಲೆಗೇರಿಸಿದರೆ ಹಿಂದೆ ಹದಿನೆಂಟು ಬೆಕ್ಕುಗಳ ಮೆರವಣಿಗೆ. ಹತ್ತೊಂಬತ್ತನೆಯದು ನಾನು. ಬಂಗುಡೆ ಎಣಿಸಿ ಕೊಟ್ಟ ಮೇಲೆ "ಇದು ಹುಡುಗಿಗೆ" ಎಂದು ಇನ್ನೊಂದನ್ನು ಎಸೆಯುತ್ತಿದ್ದರು.

ಎಂಬತ್ತರ ಸುಮಾರಿಗೆ ಆ ಬುಟ್ಟಿ ಹಗುರಾಯಿತು. ದಿಲ್ಲಿಯವರು ಯಾವುದೋ ದೇಶದ ಜೊತೆ ಒಪ್ಪಂದ ಮಾಡಿಕೊಂಡು ಅವರ ಹಡಗುಗಳಿಗೆ ನಮ್ಮ ಸಮುದ್ರದಲ್ಲಿ ಮೀನು ಹಿಡಿಯಲು ಬಿಟ್ಟಿದ್ದರು. ದಡದಿಂದ ದೂರ ಇರಬೇಕೆಂಬ ಕರಾರು. ಅಂಥದೊಂದು ಹಡಗು ಹತ್ತಿರಕ್ಕೇ ಬಂದು ಮೀನಿನಕ್ಕನ ಗಂಡನ ಬಲೆಯನ್ನು ಹರಿದು ಎಳೆದುಕೊಂಡು ಹೋಯಿತು. ಹೊಸ ಬಲೆ ಸಿಗದಿದ್ದರೆ ದೋಣಿ ಮಾರಬೇಕು. ಅಧಿಕಾರಿ ವಿಚಾರಣೆಗೆ ಬರುತ್ತಾರೆ, ಪರಿಹಾರಕ್ಕೆ ಅರ್ಜಿ ಕೊಡಿ ಎಂದು ಯಾರೋ ಹೇಳಿದರಂತೆ. ಪ್ರಬಂಧಕ್ಕೆ ಬಹುಮಾನ ತಂದವಳು ನಾನು ತಾನೇ! ನನ್ನ ಹತ್ತಿರವೇ ಬಂದರು.

"ಇದ್ದದ್ದು ಇದ್ದ ಹಾಗೆ ಬರಿ ಮಗಾ. ಒಂದು ಹಡಗು. ಬೆಳಗಿನ ಹೊತ್ತು. ಅಷ್ಟೇ."

ಒಂದು ಹಡಗಿನಲ್ಲಿ ಏನು ಮಜಾ ಉಂಟು? ಮೂರು ಮಾಡಿದೆ. ಒಂದೊಂದೂ ಫರಂಗಿಪೇಟೆಯಿಂದ ಬಂಟ್ವಾಳದವರೆಗೆ ಉದ್ದ. ಮೇಲೆ ನಿಂತ ಕಪ್ತಾನ ನಮ್ಮವರ ಬಂಗುಡೆಯನ್ನು ಹಸಿಯಾಗಿಯೇ ಕಚ್ಚುತ್ತಾ ದುರ್ಬೀನು ಹಿಡಿದು ನಕ್ಕ. ಮೀನಿನಕ್ಕನಿಗೆ ಓದಲು ಬರುತ್ತಿರಲಿಲ್ಲ. ಓದಿ ಹೇಳು ಎಂದಾಗ ಅವರು ಹೇಳಿದ್ದಷ್ಟನ್ನೇ ಓದಿದ ಹಾಗೆ ಮಾಡಿದೆ.

"ಚಂದ ಬರ್ದಿದ್ದಿ ಮಾರಾಯ್ತಿ" ಎಂದು ಹೆಬ್ಬೆಟ್ಟು ಒತ್ತಿದರು.

ಮೂರು ವಾರ ಅವರ ಸುದ್ದಿ ಇಲ್ಲ. ಬಂದ ದಿನ ಕೈಯಲ್ಲಿ ಆ ಅರ್ಜಿ ಮಾತ್ರ.

"ಅಧಿಕಾರಿ ಎಲ್ಲರ ಎದುರು ಓದಿದ್ರು ಮಗಾ. ಜನ ಬಿದ್ದು ಬಿದ್ದು ನಗಾಡಿದ್ರು. ಎಷ್ಟು ಹಡಗು ಅಂತ ಕೇಳಿದ್ರು. ಒಂದು ಅಂದೆ. ಸುಳ್ಳು ಅರ್ಜಿ ಅಂತ ವಾಪಸ್ ಕೊಟ್ರು."

ನಾನು ಕೇಳಿದ್ದು ಇಷ್ಟೇ: "ಬರೆದದ್ದು ಯಾರು ಅಂತ ಕೇಳ್ಲಿಲ್ವಾ?"

"ಕೇಳಿದ್ರು. ನಾನೇ ಹಾಗೆ ಹೇಳಿ ಬರೆಸಿದ್ದು ಅಂದೆ. ಕಲಿಯುವ ಹುಡುಗಿ ನೀನು, ನಿನ್ನ ಹೆಸರು ಯಾಕೆ?" ಸೆರಗಿನಿಂದ ಮುಖ ಒರೆಸಿಕೊಂಡರು. "ದೋಣಿ ಕೊಟ್ಟಾಯ್ತು. ಇನ್ನು ಈ ಕಡೆ ಬರುವುದಿಲ್ಲ."

ಏನಾದರೂ ಹೇಳಬೇಕೆಂದು ನಾನು ಬಾಯಿ ತೆರೆಯುವಾಗ ಅಪ್ಪ ಒಳಗೆ ಬಂದರು.

"ಏನಕ್ಕ, ಅರ್ಜಿ ಏನಾಯ್ತು?"

"ನನ್ನ ಬಾಯಿ ಸ್ವಲ್ಪ ಹೆಚ್ಚಾಯ್ತು ಅಣ್ಣ."

ಅಪ್ಪ ಕಾಗದ ತೆಗೆದುಕೊಂಡರು. ನನ್ನ ಅಕ್ಷರ ಅವರಿಗೆ ಗೊತ್ತಿಲ್ಲವೇ. ನಿಂತುಕೊಂಡೇ ಕೊನೆಯವರೆಗೂ ಓದಿದರು, ಎಲ್ಲಿಯೂ ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಕಾಗದ ಮಡಚಿ, ಮೀನಿನಕ್ಕನ ಎದುರು ಎರಡೂ ಕೈ ಮುಗಿದು ನಿಂತರು.