ಸಗಣಿ ಬಳಿದ ದೋಣಿ

ನಮ್ಮ ಅಣ್ಣ ತೀರಿಕೊಂಡು ಈಗ ಒಂದು ಮಳೆಗಾಲ ಕಳೆದಿದೆ. ಅವನಿಗೆ ಹೇಳಬೇಕಾಗಿದ್ದ ಮಾತನ್ನು ನಾನು ಅವನಿರುವಾಗ ಹೇಳಲಿಲ್ಲ. ಈಗ ಯಾರಿಗೆ ಹೇಳಿದರೂ ಉಪಯೋಗವಿಲ್ಲ. ಆದರೂ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕು.

ಕೊಡಗು ಬೇರೆಯೇ ರಾಜ್ಯವಾಗಿದ್ದ ಕಾಲದ ಮಾತು ಇದು. ಸಿದ್ದಾಪುರದಿಂದ ಸ್ವಲ್ಪ ಕೆಳಗೆ, ಹೊಳೆ ಅಗಲವಾಗಿ ತಿರುಗುವ ಕಡೆ ಒಂದು ಕಡವು ಇತ್ತು. ಜನ ಈ ದಡದಿಂದ ಆ ದಡಕ್ಕೆ ದೋಣಿಯಲ್ಲಿ ದಾಟುವ ಜಾಗ. ನಮ್ಮಪ್ಪ ಅಲ್ಲಿ ದೋಣಿ ನಡೆಸುತ್ತಿದ್ದರು. ಅಪ್ಪ ಹೋದ ಮೇಲೆ ಅಣ್ಣ ಹುಟ್ಟು ಹಿಡಿದ. ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ಮನೆಯಲ್ಲಿ ಉಳಿದವರು ನಾವಿಬ್ಬರೇ. ನನ್ನನ್ನು ಸ್ಕೂಲು ಬಿಡಿಸಿದ್ದು ನೀರು ಹೊರುವುದಕ್ಕೆ. ನಮ್ಮ ಬಾವಿ ಬೇಸಿಗೆಯಲ್ಲಿ ಬತ್ತುತ್ತಿತ್ತು. ಹೊಳೆಯಿಂದ ಮನೆಗೆ ಏರು ಹತ್ತಿ ಬರಬೇಕು. ಎಂಟನೇ ವಯಸ್ಸಿನಿಂದ ನನ್ನ ಸೊಂಟದ ಮೇಲೆ ಕೊಡ ಇಲ್ಲದ ದಿನವೇ ಇರಲಿಲ್ಲ. ಇದನ್ನು ನೆಪವೆಂದು ಹೇಳುತ್ತಿಲ್ಲ. ಮುಂದಿನದು ತಿಳಿಯಲಿ ಎಂದು ಹೇಳುತ್ತಿದ್ದೇನೆ.

ದೋಣಿ ಕಾಡುಮಾವಿನ ಒಂದೇ ದಿಮ್ಮಿಯನ್ನು ಕೊರೆದು ಮಾಡಿದ್ದು. ಅಪ್ಪನ ಕಾಲದಿಂದ ನೀರಿನಲ್ಲೇ ಇದ್ದದ್ದು. ಆ ವರ್ಷ ಅದರ ಒಂದು ಮಗ್ಗುಲು ಮೆತ್ತಗಾಗಿ, ಕುಳಿತವರ ಕಾಲು ನೆನೆಯಲು ಶುರುವಾಯಿತು. ಮಳೆಗಾಲಕ್ಕೆ ಮುಂಚೆ ಸರ್ಕಾರದ ಪಾರುಪತ್ಯಗಾರರು ಬಂದು ದೋಣಿ ನೋಡಿ ಸರಿ ಅಂದರೆ ಮಾತ್ರ ಕಡವು ಮತ್ತೊಂದು ವರ್ಷಕ್ಕೆ ನಮಗೆ. ಇಲ್ಲದಿದ್ದರೆ ಆಚೆ ದಡದವರಿಗೆ. ಅಣ್ಣನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ನೆಲದ ಮೇಲೆ ನಡೆಯುವಾಗ ಅವನ ನಡಿಗೆಯೇ ಒಂದು ಥರ ವಾಲುತ್ತಿತ್ತು.

ವರ್ಷಕ್ಕೊಮ್ಮೆ ಮಲಯಾಳದ ಕಡೆಯಿಂದ ಘಟ್ಟ ಹತ್ತಿ ಬರುತ್ತಿದ್ದ ಒಬ್ಬ ಆಚಾರಿ ದೋಣಿ ತಟ್ಟಿ ನೋಡಿ, ನೀರಲ್ಲಿ ಇಟ್ಟುಕೊಂಡು ಇದನ್ನು ರಿಪೇರಿ ಮಾಡುವುದು ಆಗದು, ಮನೆಗೆ ಎಳೆದು ತನ್ನಿ ಎಂದರು. ಕೊಳೆತ ಭಾಗ ಕಡಿದು ಹೆಬ್ಬಲಸಿನ ಹಲಗೆ ಕೂರಿಸಬೇಕು ಎಂದರು. ದಡದಲ್ಲಿ ಬಿಟ್ಟರೆ ಆನೆ ತುಳಿಯುತ್ತದೆ ಎಂಬ ಹೆದರಿಕೆ ಅಣ್ಣನಿಗೂ ಇತ್ತು.

ದೋಣಿ ಎಳೆದದ್ದು ಒಂದು ಭಾನುವಾರ. ಹತ್ತಿರದ ಕಾಫಿ ಎಸ್ಟೇಟಿನ ರೈಟರು ಆ ದಿನ ರಜ ಇದೆಯೆಂದು ಕೂಲಿ ಲೈನಿನ ಎಂಟು ಜನರನ್ನು ಬಿಟ್ಟಿದ್ದರು. ಎರಡು ಜೋಡಿ ಎತ್ತು, ತೆಂಗಿನ ನಾರಿನ ಹಗ್ಗ, ಅಡಿಗೆ ಉರುಳಲು ಬೈನೆ ಮರದ ತುಂಡುಗಳು. ಹಿಂದಿನ ತುಂಡು ಹೊರಗೆ ಬಂದ ಕೂಡಲೇ ಒಬ್ಬ ಅದನ್ನು ಹೊತ್ತು ಓಡಿ ಮುಂದೆ ಇಡಬೇಕು. ಕೊಯ್ಲಾದ ಗದ್ದೆಯಲ್ಲಿ ಸುಲಭವಾಗಿ ಬಂತು. ಗದ್ದೆ ದಾಟಿದ ಮೇಲೆ ಹಳೆಯ ಕಡಂಗ ಅಡ್ಡ. ರಾಜರ ಕಾಲದಲ್ಲಿ ಅಗೆದ ಕಂದಕ ಅದು, ಆಳು ಮುಳುಗುವಷ್ಟು ಆಳ. ಬಿದಿರು ಹಾಸಿ ಅದರ ಮೇಲೆ ದೋಣಿ ಜಾರಿಸುವಾಗ ಒಂದು ಕಡೆಯ ಬಿದಿರು ಮುರಿಯಿತು. ಅಣ್ಣ ಕೆಳಗೆ ಇಳಿದು ದೋಣಿಯ ಅಡಿಗೆ ಹೆಗಲು ಕೊಟ್ಟ. ಲೈನಿನವರು ತಮಿಳಿನಲ್ಲಿ ಬೈಯುತ್ತಾ, ನಗುತ್ತಾ ಎತ್ತಿದರು.

ಆಚೆಮನೆಯ ಅಜ್ಜಿ ಬೇಲಿಯ ಹತ್ತಿರ ಎಲೆಯಡಿಕೆ ಹಾಕಿಕೊಂಡು ನೋಡುತ್ತಿದ್ದಳು. "ಏನ್ಲಾ, ಹೊಳೇಲಿ ನೀರು ಕಮ್ಮಿಯಾಯ್ತು ಅಂತ ಗದ್ದೇಲಿ ದೋಣಿ ಬಿಡಕ್ಕೆ ಹೊರಟ್ಯಾ?" ಅಂದಳು.

"ಹೂಂ ಅಜ್ಜಿ, ನಿಂಗೆ ಮೊದಲ್ನೇ ಸೀಟು," ಅಂದ ಅಣ್ಣ. ಅವನ ಹೆಗಲಿನ ಚರ್ಮ ಕಿತ್ತು ಬಂದಿತ್ತು. ಅವನು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಆಮೇಲೆ ನೋಡಲಿಲ್ಲ.

ಅಂಗಳದಲ್ಲಿ ಎರಡು ತೊಲೆಗಳ ಮೇಲೆ ದೋಣಿಯನ್ನು ಕವುಚಿ ಹಾಕಿದರು. ಆಚಾರಿ ಗೆದ್ದಲು ಹತ್ತದ ಹಾಗೆ ತೊಲೆಯ ಸುತ್ತ ಬೂದಿ ಚೆಲ್ಲಿಸಿ, ಮೇಲೆ ಗೋಣಿಚೀಲ ಹೊದಿಸಿ, ನನ್ನನ್ನು ಕರೆದರು. ನನ್ನನ್ನು ಅವರು ಮೋಳೇ ಅನ್ನುತ್ತಿದ್ದರು, ಮಗಳೇ ಎಂದು. "ಮೋಳೇ, ಇದು ನೀರು ಕುಡಿದ ಮರ. ದಿನಕ್ಕೆ ಮೂರು ಸಲ ಚೀಲ ನೆನೆಸಬೇಕು. ಬಿಸಿಲು ತಾಗಿತೋ, ಪೋಯಿ, ಸೀಳಿ ಹೋಯಿತು. ಆಮೇಲೆ ನಾನು ಬಂದರೂ ಇಲ್ಲ, ನನ್ನ ಅಪ್ಪ ಬಂದರೂ ಇಲ್ಲ."

ಮೂರು ಸಲ ಅಂದರೆ ಸಲಕ್ಕೆ ಆರು ಕೊಡ. ಮನೆಯ ನೀರು ಬೇರೆ.

ಹೆಬ್ಬಲಸಿನ ಹಲಗೆಗಾಗಿ ಅಣ್ಣ ತಿತಿಮತಿಗೆ ಹೋದ. ಅಲ್ಲಿ ಕಾಡಿನ ಮರ ಕಡಿಯುವ ಕೂಪಿನಲ್ಲಿ ಮೂರು ವಾರ ದುಡಿದರೆ ಕೂಲಿಗೆ ಬದಲು ಹಲಗೆ ಕೊಡುತ್ತೇವೆ ಎಂದಿದ್ದರು. ಆಚಾರಿ ಬೇರೆ ಊರುಗಳ ಕೆಲಸ ಮುಗಿಸಿ ಅಷ್ಟು ಹೊತ್ತಿಗೆ ಬರುತ್ತೇನೆ ಎಂದರು. ಹೊರಡುವಾಗ ಅಣ್ಣ ಹೇಳಿದ್ದು ಒಂದೇ ಮಾತು. "ಅಡುಗೆ ಮಾಡ್ಕೊಳ್ದೆ ಇದ್ರೂ ಪರ್ವಾಗಿಲ್ಲ ಕಣಮ್ಮ, ನೀರೊಂದು ಮರೀಬೇಡ." ಹುದಿಕೇರಿಯಲ್ಲಿ ಚಿಕ್ಕಮ್ಮನ ಮಗಳ ಮದುವೆ ಇತ್ತು. ಚೀಲ ಚೆನ್ನಾಗಿ ನೆನೆಸಿಟ್ಟು ಮುಹೂರ್ತಕ್ಕೆ ಹೋಗಿ ಮಾರನೇ ದಿನದ ಬಸ್ಸಿಗೆ ಬಂದುಬಿಡು ಎಂದೂ ಅವನೇ ಹೇಳಿದ್ದ.

ಒಂದು ವಾರ ಸರಿಯಾಗಿಯೇ ಹಾಕಿದೆ. ಮದುವೆಯ ಹಿಂದಿನ ದಿನ ನನಗೊಂದು ಉಪಾಯ ಹೊಳೆಯಿತು. ನಮ್ಮಲ್ಲಿ ಬುಟ್ಟಿ, ಮೊರ, ಭತ್ತ ತುಂಬುವ ಪತ್ತಾಯದ ಸಂದಿ, ಎಲ್ಲಕ್ಕೂ ಸಗಣಿ ಬಳಿಯುತ್ತೇವೆ. ಬಳಿದರೆ ಬಿದಿರು ಸೀಳುವುದಿಲ್ಲ. ದೋಣಿಗೂ ಹಾಗೆಯೇ ಎಂದುಕೊಂಡೆ. ಚೀಲ ತೆಗೆದು ಒಗೆದು ಹರವಿದೆ. ಎರಡು ಬುಟ್ಟಿ ಸಗಣಿ ಕಲಸಿ ತಲೆಯಿಂದ ಬುಡದವರೆಗೆ ದಪ್ಪಗೆ ಬಳಿದೆ. ಕೆಳಗೆ ಸುರಿದ ಸಗಣಿ ಬೂದಿಯ ಮೇಲೆ, ತೊಲೆಯ ಮೇಲೆ ಇಳಿದು ನೆಲಕ್ಕೆ ಸೇರಿತು. ಅದನ್ನು ನೋಡಿದ್ದೆ. ಗುಡಿಸಲಿಲ್ಲ. ಹಸು ನೋಡಿಕೊಳ್ಳಲು ಆಚೆಮನೆ ಅಜ್ಜಿಗೆ ಹೇಳಿ ಬಸ್ಸು ಹತ್ತಿದೆ.

ಒಂದು ರಾತ್ರಿಗೆ ಹೋದವಳು ಹನ್ನೆರಡು ದಿನ ಉಳಿದೆ. ಯಾರೂ ಹಿಡಿದಿಟ್ಟುಕೊಳ್ಳಲಿಲ್ಲ. ಇರು ಎಂದು ಚಿಕ್ಕಮ್ಮ ಒಂದು ಸಲ ಅಂದಳು, ಅಷ್ಟೇ. ಅವರ ಹಿತ್ತಲಲ್ಲಿ ಬಿದಿರಿನ ದಬ್ಬೆಯಲ್ಲಿ ಗುಡ್ಡದ ನೀರು ತಾನೇ ಹರಿದು ಬರುತ್ತಿತ್ತು. ಬೆಳಿಗ್ಗೆ ಎದ್ದು ಆ ನೀರಿನ ಕೆಳಗೆ ಕೈ ಹಿಡಿದು ನಿಂತುಬಿಡುತ್ತಿದ್ದೆ. ಕೊಡ ಇಲ್ಲ, ಏರು ಇಲ್ಲ. ಸರದ ಮಣಿ ಪೋಣಿಸುತ್ತಾ, ಕಿತ್ತಳೆ ಸುಲಿಯುತ್ತಾ ಹುಡುಗಿಯರ ಜೊತೆ ನಗುತ್ತಿದ್ದೆ. ದೋಣಿಯ ನೆನಪು ಬರುತ್ತಿರಲಿಲ್ಲ ಎಂದರೆ ಸುಳ್ಳು. ಬಂದಾಗಲೆಲ್ಲ ಸಗಣಿ ಬಳಿದಿದ್ದೇನಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಹಿಂದಿರುಗಿದಾಗ ಮಧ್ಯಾಹ್ನ. ಸಗಣಿ ಒಣಗಿ ಬಿಳಿಚಿಕೊಂಡಿತ್ತು. ಅದರ ನಡುವೆ ಮೂತಿಯಿಂದ ಅರ್ಧದವರೆಗೆ ಒಂದು ಕಪ್ಪು ಗೆರೆ. ಬೆರಳು ಇಟ್ಟೆ, ಒಳಗೆ ಹೋಯಿತು. ಸಗಣಿ ಇಳಿದಿದ್ದ ಜಾಡನ್ನೇ ಹಿಡಿದು ನೆಲದಿಂದ ಗೆದ್ದಲು ಹತ್ತಿತ್ತು. ಪಕ್ಕೆ ಉಜ್ಜಿದರೆ ಹಿಟ್ಟು ಉದುರಿತು.

ನಾನು ಆಗ ಮಾಡಿದ್ದು ಮೊದಲು ಮಾಡಿದ್ದಕ್ಕಿಂತ ಕೆಟ್ಟದ್ದು. ಹೊಳೆಯಿಂದ ನೀರು ಹೊತ್ತೆ. ಎಷ್ಟು ಕೊಡ ಎಂದು ಲೆಕ್ಕ ಇಡಲಿಲ್ಲ. ಸಗಣಿಯನ್ನೆಲ್ಲ ತೆಂಗಿನ ಗುಂಜಿನಿಂದ ಉಜ್ಜಿ ತೊಳೆದೆ. ಗೆದ್ದಲಿನ ಮಣ್ಣು ಕೆರೆದೆ, ಹೊಸ ಬೂದಿ ಚೆಲ್ಲಿದೆ, ಚೀಲ ನೆನೆಸಿ ಮೊದಲಿನ ಹಾಗೆಯೇ ಹೊದಿಸಿದೆ. ನಾನು ಇಷ್ಟು ದಿನ ಊರಲ್ಲಿರಲಿಲ್ಲ ಎಂದು ಅಣ್ಣನಿಗೆ ಹೇಳಬೇಡ ಎಂದು ಅಜ್ಜಿಯ ಕೈ ಹಿಡಿದೆ. ಅಜ್ಜಿ ಬಾಯಲ್ಲಿದ್ದ ಎಲೆಯನ್ನು ಬೇಲಿಯ ಬುಡಕ್ಕೆ ಉಗಿದಳು. "ನಾನ್ಯಾಕೆ ಹೇಳ್ಲಿ? ಹೇಳೋಳು ನೀನು," ಅಂದಳು.

ಎರಡು ದಿನ ಬಿಟ್ಟು ಅಣ್ಣ ಬಂದ. ಯಾರದೋ ಗಾಡಿಯಲ್ಲಿ ಹಲಗೆ ಹಾಕಿಸಿಕೊಂಡು, ಅದರ ಪಕ್ಕದಲ್ಲೇ ನಡೆದುಕೊಂಡು. ಆಚಾರಿಯೂ ಅದೇ ದಿನ ಬಂದರು. ಅಣ್ಣ ಚೀಲ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು.

"ನೀರು ಹಾಕಿದ್ದೆ ತಾನೆ?"

"ಹಾಕಿದ್ದೆ," ಅಂದೆ.

ಚೀಲ ಒದ್ದೆಯಾಗಿಯೇ ಇತ್ತು. ಅವನು ಮತ್ತೆ ಕೇಳಲಿಲ್ಲ. ಆಚಾರಿ ಕುಕ್ಕರುಗಾಲಿನಲ್ಲಿ ಕುಳಿತು ಬಿರುಕಿನ ಉದ್ದಕ್ಕೂ ಉಗುರು ಎಳೆದರು. ಒಂದು ಕಡೆ ಉಗುರಿಗೆ ಏನೋ ಸಿಕ್ಕಿತು. ಎರಡು ಬೆರಳಲ್ಲಿ ಪುಡಿ ಮಾಡಿ ಮೂಸಿದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ.

ಅಣ್ಣ ಅವರ ಮೇಲೆ ಹಾಯ್ದ. ನಮ್ಮಪ್ಪ ಒಂದು ದಿನವೂ ದೋಣಿಯನ್ನು ನೀರಿನಿಂದ ತೆಗೆದವರಲ್ಲ, ನಿನ್ನ ಮಾತು ಕೇಳಿ ನಾನು ತೆಗೆದೆ, ಮರ ಯಾವುದೆಂದು ತಿಳಿಯದವನು ಉಳಿ ಯಾಕೆ ಹಿಡಿಯಬೇಕು ಎಂದೆಲ್ಲ ಅಂದ. ವಯಸ್ಸಿನಲ್ಲಿ ಅಪ್ಪನಂಥವರಿಗೆ ಅವನು ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು. ಮೂರು ವಾರ ದಿಮ್ಮಿ ಎಳೆದ ಅವನ ಅಂಗೈ ನಾರಿನ ಹಗ್ಗದ ಹಾಗೆ ಎದ್ದಿತ್ತು.

ಆಚಾರಿ ಎಲ್ಲ ಕೇಳಿಕೊಂಡರು. "ಶರಿ. ಎನ್ನ ತಪ್ಪು. ಮರದ ವಯಸ್ಸು ನನಗೆ ತಿಳಿಯಲಿಲ್ಲ," ಅಂದರು. ಉಳಿ, ಕೊಡತಿ ಚೀಲಕ್ಕೆ ಹಾಕಿಕೊಂಡರು. ಹೊರಡುವ ಮುಂಚೆ ನನ್ನ ಕಡೆ ತಿರುಗಿ, "ಮೋಳೇ, ಸ್ವಲ್ಪ ನೀರು ಕೊಡು," ಅಂದರು. ತಂಬಿಗೆ ಕೊಟ್ಟೆ. ಎತ್ತಿ ಕುಡಿದು, ಜಗಲಿಯ ಮೇಲೆ ಇಟ್ಟು ಹೋದರು. ಆಮೇಲೆ ಅವರು ನಮ್ಮ ಕಡೆಗೆ ಬರಲಿಲ್ಲ. ಕಡವಿನವನ ದೋಣಿ ಕೆಡಿಸಿದ ಆಚಾರಿ ಎಂಬ ಮಾತು ಹೊಳೆಯ ಉದ್ದಕ್ಕೂ ಹೋಯಿತು. ಆ ಮಾತನ್ನು ಒಂದು ಸಲ ನಾನೂ ಹೂಂಗುಟ್ಟಿ ಕೇಳಿದ್ದೇನೆ.

ಪಾರುಪತ್ಯಗಾರರು ಬಂದರು, ಅಂಗಳದಲ್ಲಿ ಬಿದ್ದಿದ್ದನ್ನು ನೋಡಿದರು, ಹೋದರು. ಕಡವು ಆಚೆ ದಡದವರಿಗೆ ಆಯಿತು. ಅಣ್ಣ ತಿತಿಮತಿಯ ಕೂಪಿಗೆ ವಾಪಸು ಹೋದ. ಅಲ್ಲೇ ಇದ್ದ, ಮದುವೆಯಾಗಲಿಲ್ಲ. ಹುತ್ತರಿ ಹಬ್ಬಕ್ಕೆ ಬರುವಾಗ ಬೇರೆಯವರ ದೋಣಿಯಲ್ಲಿ ಹೊಳೆ ದಾಟಬೇಕಾದರೆ ಎರಡು ಕೈಯನ್ನೂ ಕಂಕುಳಲ್ಲಿ ಅವುಚಿಕೊಂಡು ಕೂರುತ್ತಿದ್ದ. ನಮ್ಮ ದೋಣಿಯಲ್ಲಿ ಬಿರುಕು ಬಿಡದೆ ಉಳಿದಿದ್ದ ಹಿಂಭಾಗವನ್ನು ಕಡಿಸಿ ಹಸುವಿಗೆ ಕಲಗಚ್ಚು ಹಾಕುವ ಮರಿಗೆ ಮಾಡಿದೆವು. ಅದಕ್ಕೆ ನೀರು ತುಂಬುತ್ತಿದ್ದವಳು ನಾನೇ. ಹಲಗೆ ಅಟ್ಟದಲ್ಲಿ ಉಳಿಯಿತು.

ಕೊನೆಗೆ, ವಯಸ್ಸಾಗಿ ಕಾಯಿಲೆ ಬಿದ್ದಾಗ ಅವನು ನನ್ನ ಗಂಡನ ಮನೆಗೆ ಬಂದ. ಒಂದು ದಿನ ಗಂಜಿ ಕುಡಿಸುವಾಗ ತಾನಾಗಿ ಹೇಳಿದ. "ಆ ಆಚಾರಿಗೆ ನಾನು ಹಂಗನ್ನಬಾರ್ದಿತ್ತು. ಪಾಪ, ಮುದುಕ. ನಿಂಗೆ ಬರೆಯಕ್ಕೆ ಬರುತ್ತಲ್ಲ, ಒಂದು ಕಾಗದ ಬರಿ."

ಆ ಹೊತ್ತಿಗೆ ಅವರು ಬದುಕಿರುವುದು ಸಾಧ್ಯವೇ ಇರಲಿಲ್ಲ. ಅವರ ಊರಿನ ಹೆಸರೂ ನಮಗೆ ಗೊತ್ತಿರಲಿಲ್ಲ. ಇದು ಅಣ್ಣನಿಗೂ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಹೇಳಲು ಅದಕ್ಕಿಂತ ಒಳ್ಳೆಯ ಸಮಯ ನನಗೆ ಸಿಗುವಂತಿರಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಎದ್ದು ಹೋಗಿ ಮೊಮ್ಮಗಳ ನೋಟುಬುಕ್ಕಿನಿಂದ ಒಂದು ಹಾಳೆ ಹರಿದು ತಂದೆ. ಅವನು ನಿಧಾನವಾಗಿ ಹೇಳಿದ, ನಾನು ಬರೆದೆ. ತಪ್ಪು ನಿಮ್ಮದಲ್ಲ, ಮರದ್ದು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದು. ಓದಿ ಹೇಳು ಅಂದ. ಓದಿದೆ. ಮರದ್ದು ಎಂಬಲ್ಲಿ ನನ್ನ ಸ್ವರ ನಡುಗಲಿಲ್ಲ.

ಎಂಟು ದಿನಕ್ಕೆ ಅವನು ಹೋದ. ಕಾಗದ ನನ್ನ ಟ್ರಂಕಿನಲ್ಲಿದೆ. ಮಡಿಸಿದ ಹೊರಬದಿಯಲ್ಲಿ ವಿಳಾಸಕ್ಕೆಂದು ಬಿಟ್ಟ ಜಾಗ ಹಾಗೇ ಇದೆ.