ಮೊಬೈಲಿನ ಪರವಾಗಿ ಹಾಡಿದವರು

ನಮ್ಮದು ಆಲ್ಟರ್ನೇಟಿವ್ ರಾಕ್ ತಂಡ. ಅಂದರೆ ಗಿಟಾರು, ಡ್ರಮ್ಮು, ಒಂದಿಷ್ಟು ಕೂಗಾಟ; ಆದರೆ ಸುಮ್ಮನೆ ಕೂಗುವುದಲ್ಲ, ಈಗಿನ ಬದುಕನ್ನು ಪ್ರಶ್ನಿಸುವುದು. ಸಿಂದಗಿಯ ಕಾಲೇಜೊಂದರಲ್ಲಿ ನಮ್ಮ ಮೊದಲ ಕಾರ್ಯಕ್ರಮವಿತ್ತು. ಮೊಬೈಲು ಮನುಷ್ಯನನ್ನು ನುಂಗುತ್ತಿದೆ ಎಂಬ ನಮ್ಮ ಹಾಡು ಅಲ್ಲಿಯ ಜನಕ್ಕೆ ಮುಟ್ಟೀತೋ ಇಲ್ಲವೋ ಎಂದು ನನಗೆ ಭಯ.

ನಮ್ಮ ನಂತರ ಹಾಡಬೇಕಿದ್ದವರು ಆಲಮೇಲದ ಗೀಗೀ ಮೇಳದ ಶಾಂತವ್ವ. ಗೀಗೀ ಪದದಲ್ಲಿ ಒಂದು ಮೇಳ ಸವಾಲು ಹಾಕಿದರೆ ಎದುರಿನ ಮೇಳ ಜವಾಬು ಹಾಡಲೇಬೇಕು, ಇಲ್ಲದಿದ್ದರೆ ಸೋತಂತೆ. ಇದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮೈಕ್ ಪರೀಕ್ಷೆಯಲ್ಲಿ ನಮ್ಮ ಹಾಡು ಕೇಳಿದ ಶಾಂತವ್ವ ನನ್ನನ್ನು ಕರೆದರು.

"ತಮ್ಮಾ, ಮೊಬೈಲಿಗೆ ಛಲೋ ಬೈದಿ. ಅದರ ಕಡಿಂದ ಯಾರು ಹಾಡ್ತಾರ?"

"ಯಾರೂ ಇಲ್ರಿ. ನಮ್ಮ ಹಾಡಿಗೆ ಎದುರು ಮೇಳ ಇರೂದಿಲ್ಲ."

"ಮತ್ತ ಗೆದ್ದದ್ದು ಹೆಂಗ ಗೊತ್ತಾಕ್ಕೈತಿ? ಒಬ್ಬನ ಕುಸ್ತಿ ಹಿಡದಂಗಾತಲ್ಲೋ!"

ನಾನು ನಕ್ಕು ಗಿಟಾರಿನ ತಂತಿ ಬಿಗಿಯತೊಡಗಿದೆ.

ಕಾರ್ಯಕ್ರಮದಲ್ಲಿ ನಾವು ಹಾಡಿ ಮುಗಿಸಿದಾಗ ಚಪ್ಪಾಳೆ ಬಂತು, ಮರ್ಯಾದೆಗೆ ಎಷ್ಟು ಬೇಕೋ ಅಷ್ಟು. ಆಮೇಲೆ ಶಾಂತವ್ವ ದಪ್ಪು ಬಾರಿಸುತ್ತ ಬಂದು, ತಾವೇ ಮೊಬೈಲಾಗಿ ಹಾಡಿದರು:

"ನಾ ನಿನ್ನ ಹಿಡದಿಲ್ಲೋ ಜಾಣಾ,
ನೀನ ನನ್ನ ಹಿಡದೀದಿ, ಬಿಟ್ಟು ನೋಡೋ!"

ಹುಡುಗರು, ಮಾಸ್ತರರು ಎಲ್ಲ ನಮ್ಮತ್ತ ತಿರುಗಿ, "ಜವಾಬು! ಜವಾಬು!" ಎಂದು ಕೂಗತೊಡಗಿದರು. ನಾನು ಗಾಬರಿಯಾಗಿ ನಮ್ಮ ಡ್ರಮ್ಮರನ ಕಡೆ ನೋಡಿದೆ. ಅವನು ಆಗಲೇ ಶಾಂತವ್ವನ ಹಾಡಿಗೆ ತಾಳ ಹಾಕುತ್ತಿದ್ದ.

ಹಾಡು ಜನಕ್ಕೆ ಮುಟ್ಟಿದ್ದಂತೂ ನಿಜ. ಸೋತದ್ದು ನಾವು ಮಾತ್ರ.