ಹೆಸರಿಟ್ಟು ಹಾಕಿದ ನೀರು

ದೀಕ್ಷಾಸ್ನಾನ ಕೊಡುವುದನ್ನು ನಾವು ಕಲಿತದ್ದು ಒಂದು ಪ್ಲಾಸ್ಟಿಕ್ ಗೊಂಬೆಯ ಮೇಲೆ. ಎಂಬತ್ತರ ದಶಕದ ಮೊದಲ ವರ್ಷಗಳು, ಆರ್.ಟಿ. ನಗರದಾಚೆ ನಮ್ಮ ಸೆಮಿನರಿ. ಪಾದ್ರಿಗಳಾಗಲು ಓದುತ್ತಿದ್ದ ಹುಡುಗರ ನಡುವೆ ನಾನೊಬ್ಬಳೇ ಹೆಣ್ಣು. ಓದು ಒಂದೇ, ಪರೀಕ್ಷೆ ಒಂದೇ. ಆದರೆ ನಮ್ಮ ಕ್ರೈಸ್ತ ಸಭೆಯಲ್ಲಿ ಹೆಣ್ಣಿಗೆ ಪಾದ್ರಿಯಾಗುವ ಗುರುಪಟ್ಟ ಇರಲಿಲ್ಲ. ಹುಡುಗರು ಗೊಂಬೆಯನ್ನು ಕೋಳಿ ಹಿಡಿದ ಹಾಗೆ ಹಿಡಿಯುತ್ತಿದ್ದರು. ತಮ್ಮಂದಿರನ್ನು ಎತ್ತಿ ಆಡಿಸಿದ್ದ ನನಗೆ ತಲೆಯ ಕೆಳಗೆ ಕೈ ಕೊಡುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. "ಚೆನ್ನಾಗ್ ಮಾಡ್ತೀಯ ಕಣಮ್ಮ, ಆದ್ರೆ ನಿಂಗೆ ಗೊಂಬೆ ಮಾತ್ರ," ಎಂದು ಛೇಡಿಸುತ್ತಿದ್ದರು. ನಾನೂ ನಗುತ್ತಿದ್ದೆ.

ಒಂದು ಪಾಠ ಸ್ಪಷ್ಟವಾಗಿತ್ತು: ಮಗು ಸಾಯುವ ಹಾಗಿದ್ದು ಪಾದ್ರಿ ಸಿಗದಿದ್ದರೆ ಯಾವ ಕ್ರೈಸ್ತರಾದರೂ ದೀಕ್ಷಾಸ್ನಾನ ಕೊಡಬಹುದು, ಅದರಲ್ಲಿ ಏನೂ ಕಡಿಮೆಯಿಲ್ಲ.

ಶನಿವಾರಗಳಂದು ನಮ್ಮನ್ನು ಹೆಬ್ಬಾಳದ ಕಡೆಯ ಆಸ್ಪತ್ರೆಯೊಂದಕ್ಕೆ ರೋಗಿಗಳ ಜೊತೆ ಪ್ರಾರ್ಥನೆ ಮಾಡಲು ಕಳಿಸುತ್ತಿದ್ದರು. ಅಲ್ಲಿ ಅಟ್ಟೂರಿನ ಒಬ್ಬ ಬಾಣಂತಿ ಇದ್ದಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣು ಕೂಸು. ನರ್ಸಮ್ಮ ಆಸೆ ಬಿಟ್ಟಾಗಿತ್ತು. ಗಂಡ ತಮ್ಮ ಸಭೆಯ ಪಾದ್ರಿ ಅಯ್ಯನವರನ್ನು ಕರೆತರಲು ಯಲಹಂಕದ ಆಚೆಗೆ ಬಸ್ಸು ಹತ್ತಿದ್ದ.

ಅವಳು ನನ್ನ ಸೆರಗು ಹಿಡಿದಳು. "ಅಕ್ಕಾ, ನೀವೇ ನೀರಾಕ್ಬುಡಿ. ಮೊದ್ಲುನೇದು ನೀರಿಲ್ದಂಗೇ ಓಯ್ತು. ಗೋಡೆ ಪಕ್ಕ ಮಣ್ ಮಾಡಿದ್ರು. ಇದುನ್ನಾದ್ರೂ ಜನರ ಮಧ್ಯ ಮಲಗುಸ್ಬೇಕು."

ಅವರ ಸಭೆಯ ಸ್ಮಶಾನದಲ್ಲಿ ದೀಕ್ಷಾಸ್ನಾನವಾಗದ ಕೂಸುಗಳಿಗೆ ಕಾಂಪೌಂಡಿನ ಪಕ್ಕದ ಮುಳ್ಳುಗಿಡಗಳ ನಡುವೆ ಜಾಗ. ಅಲ್ಲಿ ಪ್ರಾರ್ಥನೆಯೂ ಇಲ್ಲ.

ಸ್ಟೀಲ್ ಲೋಟದಲ್ಲಿ ಬೆಚ್ಚಗಿನ ನೀರು ತರಿಸಿದೆ. ಮಗು ಆ ಗೊಂಬೆಗಿಂತ ಹಗುರವಾಗಿತ್ತು. ಏನು ಹೆಸರು ಎಂದೆ. ಅವಳು ಹೇಳಿದಳು. ಆ ಹೆಸರಿಟ್ಟು ಮೂರು ಸಲ ನೀರು ಹಾಕಿದೆ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ. ಅಯ್ಯನವರು ಸಿಗದೆ ಗಂಡ ಒಬ್ಬನೇ ವಾಪಸು ಬರುವಷ್ಟರಲ್ಲಿ ಮಗು ಹೋಗಿತ್ತು.

ಮಾರನೆಯ ದಿನ ನಾನು ಸ್ಮಶಾನಕ್ಕೆ ಹೋದೆ. ಗುಂಡಿಯನ್ನು ಗೋಡೆ ಪಕ್ಕದಲ್ಲೇ ತೋಡಿದ್ದರು. ಅವರ ಅಯ್ಯನವರು ಬಂದು ನಿಂತಿದ್ದರು.

"ಅಯ್ಯನವರೇ, ದೀಕ್ಷಾಸ್ನಾನ ಆಗಿದೆ. ನಾನೇ ಕೊಟ್ಟೆ," ಎಂದೆ.

"ಗೊತ್ತಮ್ಮ. ನೀನಿನ್ನೂ ಓದೋ ಹುಡುಗಿ. ಅದೂ ಹೆಣ್ಣುಮಗಳು. ಒಪ್ಕೊಂಡ್ರೆ ಸಭೆ ಕಮಿಟಿಯೋರು ನನ್ನ ಸುಮ್ನೆ ಬಿಡ್ತಾರಾ?"

ಅವರೂ ನಮ್ಮ ಸೆಮಿನರಿಯಲ್ಲೇ ಓದಿದವರು. ಅದೇ ಪಾಠ, ಬಹುಶಃ ಅದೇ ಗೊಂಬೆ. ಅದನ್ನು ಅವರ ಮುಖಕ್ಕೇ ಹೇಳಿದೆ. ಅವರು ತಲೆ ತಗ್ಗಿಸಿದರೇ ಹೊರತು ಗುಂಡಿಯನ್ನು ಬೇರೆ ಕಡೆ ತೋಡಿಸಲಿಲ್ಲ. "ಈ ಕೂಸು" ಎಂದು ಏನೋ ಎರಡು ಮಾತು ಗೊಣಗಿ ಮಣ್ಣು ಹಾಕಿಸಿದರು. ಅಷ್ಟು ಸಿಟ್ಟು ನನಗೆ ಆಮೇಲೆ ಯಾರ ಮೇಲೂ ಬಂದಿಲ್ಲ.

ಹಸಿ ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡು ಬಂದಿದ್ದಳು. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ನೀವಾಕಿದ್ ನೀರು ಸಾಲ್ದಾಯ್ತಾ ಅಕ್ಕಾ?"

"ಸಾಲುತ್ತಮ್ಮ. ದೇವರಾಣೆ ಸಾಲುತ್ತೆ."

"ಮತ್ತೆ ಅಯ್ನೋರು ಎಸ್ರ್ ಯಾಕ್ ಏಳ್ಲಿಲ್ಲ?"

ನಾನು ಅಯ್ಯನವರ ಕಡೆ ನೋಡಿದೆ. ಅವರು ಚಪ್ಪಲಿಯ ಮಣ್ಣು ಕೊಡವುತ್ತಾ, ಬಸ್ಸಿಗೆ ಹೊತ್ತಾಯಿತು ಎಂದರು.